ಉರು ಹೊಡೆದ ಇಂಗ್ಲಿಷ್ ಎಷ್ಟು ದೂರ ಬರುತ್ತೆ?

ಪ್ರಶ್ನೆ: ನಾನು ಮನೆಯಲ್ಲೇ ಆರು ಜನರಿಗೆ ಐಇಎಲ್‌ಟಿಎಸ್ (ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಕೊಡುವ ಇಂಗ್ಲಿಷ್ ಪರೀಕ್ಷೆ) ಹೇಳಿಕೊಡುತ್ತೇನೆ. ಓದುವುದು, ಬರೆಯುವುದು ಪರವಾಗಿಲ್ಲ. ಮಾತಾಡಿ ಅಂದರೆ ಉರು ಹೊಡೆದದ್ದನ್ನು ಒಪ್ಪಿಸುತ್ತಾರೆ, ಇಲ್ಲಾಂದ್ರೆ ಬಾಯೇ ಬಿಡುವುದಿಲ್ಲ. ಏನು ಮಾಡಲಿ?
– ಓದುಗರು, ಬೀದರ್

ಉತ್ತರ: ಸರ್, ಮೊದಲು ಅವರು ಉರು ಹೊಡೆಯುವ ಗೈಡುಗಳನ್ನು ಕಪಾಟಿನಲ್ಲಿಡಿ. ಮಾತಿನ ಪರೀಕ್ಷೆ ಇರುವುದೇ 11ರಿಂದ 14 ನಿಮಿಷ. ಎರಡನೇ ಭಾಗದಲ್ಲಿ ವಿಷಯ ಬರೆದ ಚೀಟಿ ಕೊಡುತ್ತಾರೆ, ಯೋಚಿಸಲು 1 ನಿಮಿಷ, ಆಮೇಲೆ 2 ನಿಮಿಷದವರೆಗೆ ಮಾತು. ಕಂಡೇ ಇರದ ಪ್ಯಾರಿಸ್ ಬಗ್ಗೆ ಬಾಯಿಪಾಠ ಹೇಳಿದ ಹುಡುಗ, ಅದರ ಮೇಲೆ ಇನ್ನೊಂದು ಪ್ರಶ್ನೆ ಬಂದ ಕೂಡಲೇ ಸಿಕ್ಕಿಬೀಳುತ್ತಾನೆ, ಅಲ್ವಾ?

ನಿಮ್ಮೂರಲ್ಲೇ ಬಿದ್ರಿ ಕೆಲಸ ಇದೆ. ಎಲ್ಲರನ್ನೂ ಒಂದು ದಿನ ಅಲ್ಲಿಗೆ ಕರೆದೊಯ್ಯಿರಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ, ಗೀರಿದ ಗೆರೆಯೊಳಗೆ ಬಡಿದು ಕೂರಿಸುವ ಬೆಳ್ಳಿ ತಂತಿ, ಕೊನೆಗೆ ಕೋಟೆಯ ಮಣ್ಣು ಕಲಸಿದ ನೀರಿಗೆ ಬಿದ್ದಾಗ ಹೂಜಿ ಕಪ್ಪಾಗಿ ಬೆಳ್ಳಿ ಮಾತ್ರ ಮಿನುಗುವುದು, ಇದನ್ನು ಕಣ್ಣಾರೆ ಕಂಡವರಿಗೆ 2 ನಿಮಿಷ ಸಾಲುವುದೇ ಇಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ, ಅವರೇ ಕೇಳಿಸಿಕೊಳ್ಳಲಿ. ನಡುವೆ ತಿದ್ದಬೇಡಿ. (ಮೇಷ್ಟ್ರುಗಳಿಗೆ ಇದೇ ಕಷ್ಟ, ನನಗೂ.)

ನಮ್ಮ ಕಡೆಯ ಧಾಟಿ ಬಂತು ಅಂತ ಅಂಕ ಹೋಗಲ್ಲ, ಹೇಳಿದ್ದು ಸ್ಪಷ್ಟವಾಗಿ ತಿಳಿಯಬೇಕು ಅಷ್ಟೇ. ಅಂದಹಾಗೆ, ಬರವಣಿಗೆ ಪರವಾಗಿಲ್ಲ ಅಂದಿರಿ. 250 ಪದಗಳ ಎರಡನೇ ಪ್ರಶ್ನೆಗೆ ಮೊದಲನೆಯದಕ್ಕಿಂತ ಎರಡು ಪಟ್ಟು ತೂಕ, ಒಟ್ಟು 60 ನಿಮಿಷದಲ್ಲಿ ಅದಕ್ಕೆ 40 ಉಳಿಸಿಕೊಳ್ಳುತ್ತಿದ್ದಾರಾ, ಗಡಿಯಾರ ಇಟ್ಟು ನೋಡಿ.