ಬೀಗದ ಕೈ ಯಾರ ಹತ್ರ ಇದೆ ಅಂತ ಮೊದಲು ಕೇಳಿ

ಬ್ಯಾಂಕ್ ಹರಾಜಿಗೆ ಇಟ್ಟಿರುವ 42 ಲಕ್ಷದ ಫ್ಲ್ಯಾಟಿಗೆ ಬಿಡ್ ಹಾಕಬಹುದಾ, ನೋಟಿಸಿನಲ್ಲಿರುವ ‘ಸಿಂಬಾಲಿಕ್ ಪೊಸೆಷನ್’ ಅಂದ್ರೇನು ಅಂತ ಕೇಳಿದ್ದೀರಿ. ಆ ಎರಡು ಪದ ನೋಡಿಯೇ ನನಗೆ ಕಳವಳ ಆಯ್ತು. ಬ್ಯಾಂಕಿಗೆ ಸ್ವಾಧೀನ ಸಿಕ್ಕಿರುವುದು ಕಾಗದದ ಮೇಲೆ ಮಾತ್ರ. ಒಳಗೆ ಸಾಲಗಾರರ ಕುಟುಂಬವೋ ಬಾಡಿಗೆಯವರೋ ಇನ್ನೂ ಇರಬಹುದು. ಅವರನ್ನು ಬಿಡಿಸಲು ಬ್ಯಾಂಕು ಸರ್ಫೇಸಿ ಕಾಯ್ದೆಯ (ಬಾಕಿ ಸಾಲಕ್ಕೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆದು ಮಾರುವ ಕಾನೂನು) 14ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕು. ಅಷ್ಟರಲ್ಲಿ ಡಿಆರ್‌ಟಿಯಲ್ಲಿ, ಅಂದ್ರೆ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ, ಕೇಸು ಬಿದ್ದರೆ ಇನ್ನೂ ತಡ. ನನ್ನ ಸೋದರಮಾವ ಹೀಗೇ ಒಂದು ಮನೆಗೆ ಪೂರ್ತಿ ದುಡ್ಡು ಕಟ್ಟಿ, ಎರಡು ವರ್ಷ ಬಾಡಿಗೆ ಮನೆಯಲ್ಲೇ ಇದ್ದರು. ಅವರ ಸಂಕಟ ನಾನು ಕಣ್ಣಾರೆ ಕಂಡಿದ್ದೇನೆ.

ಲೋನ್ ಆಮೇಲೆ ನೋಡೋಣ ಅಂದಿದ್ದೀರಲ್ವಾ, ದಯವಿಟ್ಟು ಬೇಡ. ಹರಾಜು ನಿಮಗೆ ಸಿಕ್ಕರೆ ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಶೇ. 25 ಕಟ್ಟಬೇಕು. 42 ಲಕ್ಷಕ್ಕೆ ಅದು ಹತ್ತೂವರೆ ಲಕ್ಷ, ಬಿಡ್ ಹಾಕಲು ಮೊದಲೇ ಕಟ್ಟಿದ ಮುಂಗಡ ಠೇವಣಿ (ಇಎಂಡಿ) ಇದರಲ್ಲೇ ಸೇರುತ್ತದೆ. ಉಳಿದದ್ದಕ್ಕೆ, ಮಾರಾಟ ಖಚಿತವಾದ ಮೇಲೆ 15 ದಿನ. ಬ್ಯಾಂಕು ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಹೆಚ್ಚಿನ ಗಡುವು. ತಪ್ಪಿದರೆ ಕಟ್ಟಿದ್ದೆಲ್ಲ ಹೋಗುತ್ತದೆ.

ಮಾರಾಟ ‘ಇದ್ದಲ್ಲಿ ಇದ್ದಂತೆ’ ಇರುತ್ತದೆ, ಅಂದ್ರೆ ಲೋಪವನ್ನೂ ಬಾಕಿಯನ್ನೂ ನೋಡಿಕೊಳ್ಳಬೇಕಾದವರು ಕೊಳ್ಳುವವರೇ. ಹಾಗಾಗಿ ಇಸಿ (ಆಸ್ತಿಯ ಮೇಲಿನ ಋಣಭಾರ ಪತ್ರ), ಖಾತಾ, ತೆರಿಗೆ ಬಾಕಿ ನೋಡಿಸಿ. ಅಪಾರ್ಟ್‌ಮೆಂಟ್ ಸಂಘದವರನ್ನೂ ಮಾತಾಡಿಸಿ. ಮೇಂಟೆನೆನ್ಸ್ ಬಾಕಿ ಎಷ್ಟಿದೆ, ಒಳಗೆ ಯಾರಿದ್ದಾರೆ ಅಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ. ಕೇಸು ನಡೆಯುತ್ತಿದೆಯಾ ಅಂತ ಬ್ಯಾಂಕಿನ ಅಧಿಕಾರಿಗೆ ಇಮೇಲ್ ಹಾಕಿ, ಉತ್ತರ ಬರುವವರೆಗೆ ಇಎಂಡಿ ಕಟ್ಟಬೇಡಿ.