ಪ್ರತಿಕ್ರಿಯೆ: ಅಮ್ಮನ ಜೊತೆ ಲಮೇಗೊ

ಮಂಡಿನೋವಿರುವ ಅಮ್ಮ ಪೋರ್ಚುಗಲ್‌ನ ಲಮೇಗೊ ಊರಿನ ಗುಡ್ಡದ ಇಗರ್ಜಿಗೆ (ಚರ್ಚಿಗೆ) ಹೋಗುವ 686 ಮೆಟ್ಟಿಲು ಹತ್ತಬಲ್ಲರೇ, ವೈನ್ ಕುಡಿಯದವರಿಗೆ ಆ ಊರಲ್ಲಿ ಏನಿದೆ ಎಂದು ಕೇಳಿದ್ದೀರಿ.

ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ, ಆದರೆ ಹತ್ತಿಸಬೇಡಿ. ನೊಸ್ಸಾ ಸೆನ್ಯೋರಾ ದೊಸ್ ರೆಮೇದಿಯುಸ್, ಅಂದರೆ ರೋಗ ನೀಗಿಸುವ ಮಾತೆಯ ಇಗರ್ಜಿ ಇರುವ ಗುಡ್ಡದ ತುದಿಯವರೆಗೂ ರಸ್ತೆಯಿದೆ. ಟ್ಯಾಕ್ಸಿಯಲ್ಲಿ ಮೇಲೆ ಹೋಗಿ ದರ್ಶನ ಮಾಡಿಸಿ. ಆಮೇಲೆ ಇಗರ್ಜಿಯ ಕೆಳಗೇ ಇರುವ ರಾಜರ ಅಂಗಳಕ್ಕೆ ಕೈಹಿಡಿದು ಮೆಲ್ಲಗೆ ಇಳಿಸಿ. ಕಲ್ಲಿನ ಅರಸರ ವಿಗ್ರಹಗಳು, ಕಾರಂಜಿ, ಮೆಟ್ಟಿಲ ಪಕ್ಕದ ಗೋಡೆಗಳಲ್ಲಿ ನೀಲಿ-ಬಿಳಿ ಹೆಂಚಿನ ಚಿತ್ರಗಳು: ಆ ಜಾಗದಲ್ಲಿ ಅವಸರ ಮಾಡಲೇಬೇಡಿ. ಇಗರ್ಜಿಯ ಕೆಲಸ 1750ರಲ್ಲಿ ಶುರುವಾಗಿ 1905ರಲ್ಲಿ ಮುಗಿಯಿತು; ಅಷ್ಟು ತಲೆಮಾರುಗಳ ಶ್ರದ್ಧೆ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಸೆಪ್ಟೆಂಬರ್ ಎಂದಿದ್ದೀರಿ. 8ನೇ ತಾರೀಖು ಮಾತೆಯ ದೊಡ್ಡ ಮೆರವಣಿಗೆ, ಎತ್ತುಗಳು ಎಳೆಯುವ ಪಲ್ಲಕ್ಕಿಗಳನ್ನು ನೋಡಲು ಊರು ತುಂಬಿರುತ್ತದೆ. ಜನಜಂಗುಳಿ ಅಮ್ಮನಿಗೆ ಕಷ್ಟವೆಂದರೆ ತಿಂಗಳ ಕೊನೆಗೆ ಹೋಗಿ.

ಲಮೇಗೊಗೆ ರೈಲಿಲ್ಲ. ಪೋರ್ಟೊದಿಂದ ಪೆಸೊ ದ ರೆಗ್ವಾವರೆಗೆ ಸುಮಾರು ಎರಡು ಗಂಟೆಯ ರೈಲು, ಮುಂದೆ ಬಸ್ಸು ಅಥವಾ ಟ್ಯಾಕ್ಸಿ. ಹೋಗುವಾಗ ಬಲಬದಿಯ ಕಿಟಕಿ ಹಿಡಿಯಿರಿ, ದೋರು ನದಿ ಆ ಕಡೆಯೇ ಇರುತ್ತದೆ. 1756ರಲ್ಲೇ ಗಡಿ ಗುರುತಿಸಿದ ವೈನ್ ಪ್ರಾಂತ್ಯ ಇದು. ಕುಡಿಯದಿದ್ದರೂ ಕಲ್ಲುಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ ಆ ದ್ರಾಕ್ಷಿತೋಟಗಳನ್ನು ನೋಡಲೇಬೇಕು. ಸೆಪ್ಟೆಂಬರ್ ದ್ರಾಕ್ಷಿ ಕೊಯ್ಲಿನ ಕಾಲವೂ ಹೌದು.

ಸಮಯ ಉಳಿದರೆ ಹಳೆಯ ಬಿಷಪ್ ಅರಮನೆಯಲ್ಲಿರುವ ಮ್ಯೂಸಿಯಂಗೆ ಹೋಗಿ, ಪೋರ್ಚುಗಲ್‌ನ ಹಳೆಯ ಚಿತ್ರಕಾರ ವಾಸ್ಕೊ ಫೆರ್ನಾಂದಿಸ್‌ನ ಚಿತ್ರಫಲಕಗಳು ಅಲ್ಲಿವೆ.