ಫ್ಯಾಕ್ಟರಿ ಕಿರಿಯವನಿಗೆ, ಜಾಗ ಯಾರಿಗೆ?

ಕಾರ್ಕಳ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ. ವಯಸ್ಸು 68. ತಮ್ಮನೊಡನೆ ಪಾಲುದಾರಿಕೆಯಲ್ಲಿ ಗೇರುಬೀಜದ ಫ್ಯಾಕ್ಟರಿ. ಜಾಗ ಮತ್ತು ಕಟ್ಟಡ ಸ್ವಂತ ದುಡಿಮೆಯದ್ದು, ಇವರೊಬ್ಬರ ಹೆಸರಿನಲ್ಲಿದೆ. ಹಿರಿಯ ಮಗ ಬೆಂಗಳೂರಿನಲ್ಲಿ, ಮಗಳು ಉಡುಪಿಯಲ್ಲಿ, ಕಿರಿಯ ಮಗ 9 ವರ್ಷಗಳಿಂದ ಫ್ಯಾಕ್ಟರಿಯಲ್ಲಿ. “ಎಲ್ಲವನ್ನೂ ಕಿರಿಯವನ ಹೆಸರಿಗೆ ವೀಲುನಾಮೆ ಬರೆದಿಟ್ಟರೆ ಸಾಲದೇ? ಆಡಿಟರು, ವಕೀಲರು ಇರುವಾಗ ವಾರಸುದಾರಿಕೆಗೆಂದು ಬೇರೆ ಸಲಹೆಗಾರರು ಯಾಕೆ?” ಎಂದು ಕೇಳಿದ್ದಾರೆ.

ಮಾನ್ಯರೇ,

ಸಾಲದು. ವೀಲುನಾಮೆ ಜಾರಿಗೆ ಬರುವುದು ನಿಮ್ಮ ಕಾಲಾನಂತರ. ಫ್ಯಾಕ್ಟರಿಗೆ ಕಷ್ಟ ಶುರುವಾಗುವುದೂ ಅದೇ ದಿನ.

ನಿಮ್ಮದು ಇಬ್ಬರೇ ಇರುವ ಪಾಲುದಾರಿಕೆ. ಒಬ್ಬರು ತೀರಿಕೊಂಡರೆ ಸಂಸ್ಥೆ ಅಲ್ಲಿಗೇ ವಿಸರ್ಜನೆಯಾಗುತ್ತದೆ. ‘ವಾರಸುದಾರರು ಮುಂದುವರಿಸತಕ್ಕದ್ದು’ ಎಂದು ಕರಾರುಪತ್ರದಲ್ಲಿದ್ದರೂ ಉಳಿದ ಒಬ್ಬರಿಂದ ಪಾಲುದಾರಿಕೆ ಆಗುವುದಿಲ್ಲ. ತೀರಿಹೋದವರ ಹೊಣೆ ಆ ದಿನಕ್ಕೆ ಎಷ್ಟೆಂದು ಗೊತ್ತುಮಾಡಲು ಬ್ಯಾಂಕಿನವರು ಸಿ.ಸಿ. ಖಾತೆ (ಕ್ಯಾಶ್ ಕ್ರೆಡಿಟ್, ದಿನದ ವ್ಯವಹಾರಕ್ಕೆ ಸಾಲ ಕೊಡುವ ಖಾತೆ) ನಿಲ್ಲಿಸುತ್ತಾರೆ. ಅದು ಮಾರ್ಚ್ ತಿಂಗಳಾಗಿದ್ದರೆ ಊರ ಬೀಜ ತಂದವರಿಗೆ ನಗದು ಕೊಡಲಾಗುವುದಿಲ್ಲ, ಆಫ್ರಿಕದಿಂದ ಬಂದ ಕಂಟೇನರು ಪಣಂಬೂರು ಬಂದರಿನಲ್ಲಿ ಬಿಡುಗಡೆಗೆ ಕಾಯುತ್ತಾ ಕೂರುತ್ತದೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಹದಿಮೂರನೆಯ ದಿನದ ಕಾರ್ಯವೂ ಮುಗಿದಿರುವುದಿಲ್ಲ.

ಇದಕ್ಕೆ ಪರಿಹಾರವಿದೆ. ಕಿರಿಯ ಮಗನನ್ನು ಈಗಲೇ ಮೂರನೆಯ ಪಾಲುದಾರನಾಗಿ ಸೇರಿಸಿಕೊಳ್ಳಿ, ‘ಒಬ್ಬರು ತೀರಿದರೂ ಸಂಸ್ಥೆ ಮುಂದುವರಿಯತಕ್ಕದ್ದು’ ಎಂಬ ಷರತ್ತನ್ನು ಹೊಸ ಕರಾರಿನಲ್ಲಿ ಬರೆಸಿ. ಬಳಿಕ ಪಾಲುದಾರಿಕೆ ನೋಂದಣಾಧಿಕಾರಿಗೆ ಮತ್ತು ಬ್ಯಾಂಕಿಗೆ ತಿಳಿಸಬೇಕು, ಜಿ.ಎಸ್.ಟಿ. ನೋಂದಣಿಯಲ್ಲಿ 15 ದಿನದೊಳಗೆ ತಿದ್ದುಪಡಿ ಹಾಕಬೇಕು. ಆದರೆ 1932ರ ಪಾಲುದಾರಿಕೆ ಕಾಯ್ದೆಯಂತೆ ಹೊಸಬರನ್ನು ಸೇರಿಸಲು ತಮ್ಮನವರ ಒಪ್ಪಿಗೆ ಬೇಕು, ಮತ್ತು ಅವರು “ಹಾಗಾದರೆ ನನ್ನ ಮಕ್ಕಳು?” ಎಂದು ಕೇಳಿಯೇ ಕೇಳುತ್ತಾರೆ. ಕೇಳುವುದು ನ್ಯಾಯವೇ. ಆಡಿಟರು ಲೆಕ್ಕ ಬಲ್ಲರು, ವಕೀಲರು ಪತ್ರ ಬಲ್ಲರು; ಈ ಪ್ರಶ್ನೆಯನ್ನು ಮೇಜಿನ ಮೇಲೆ ತಂದು ಎಲ್ಲರನ್ನೂ ಕೂರಿಸುವವರು ಮೂರನೆಯವರೇ ಆಗಬೇಕು.

ಒಳ್ಳೆಯ ಸಲಹೆಗಾರರು ಮೊದಲು ಯಾವ ಕರಡನ್ನೂ ಬರೆಯುವುದಿಲ್ಲ. ಕರಾರುಪತ್ರ, ಜಾಗದ ದಾಖಲೆ, ಋಣಭಾರ ಪತ್ರ, ಬ್ಯಾಂಕಿನ ಮಂಜೂರಾತಿ ಪತ್ರ ತರಿಸಿ ಓದುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ: ನಿಮ್ಮ ಪತ್ನಿ, ತಮ್ಮ, ಮೂವರು ಮಕ್ಕಳು. ಮಗಳನ್ನು ಬಿಡಲೇಬಾರದು. “ಮದುವೆಯಲ್ಲಿ ಕೊಟ್ಟಾಗಿದೆ” ಎಂದು ಮನೆಯವರು ತಾವೇ ತೀರ್ಮಾನಿಸಿದ ಎಷ್ಟೋ ಪಾಲುಪಟ್ಟಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿವೆ. ಇದೆಲ್ಲ ಆದಮೇಲೆ ಎಲ್ಲರೂ ಒಟ್ಟಿಗೆ ಕೂರುವುದು.

ಆಗ ಎರಡು ಪ್ರಶ್ನೆಗಳನ್ನು ಬೇರೆ ಮಾಡಬೇಕು: ನಡೆಸುವವರು ಯಾರು, ಒಡೆಯರು ಯಾರು? ನಿಮ್ಮ ಪತ್ರದಲ್ಲಿ ಇವೆರಡೂ ಒಂದೇ ಆಗಿವೆ. ನೀವೇ ಕೊಟ್ಟ ಅಂದಾಜನ್ನು ನೋಡಿ. ಜಾಗ, ಕಟ್ಟಡ 3 ಕೋಟಿ. ಸಂಸ್ಥೆಯ ಯಂತ್ರ 60 ಲಕ್ಷ, ದಾಸ್ತಾನು ಮತ್ತು ಬರಬೇಕಾದ ಬಾಕಿ 2.4 ಕೋಟಿ, ಬ್ಯಾಂಕಿನ ಸಾಲ 2 ಕೋಟಿ. ಸಾಲ ಕಳೆದರೆ ಸಂಸ್ಥೆ 1 ಕೋಟಿಯದ್ದು, ನಿಮ್ಮ ಅರ್ಧ 50 ಲಕ್ಷ. ಒಟ್ಟು 3.5 ಕೋಟಿ. ಎಲ್ಲವೂ ಕಿರಿಯವನಿಗೆ, ಅಣ್ಣ ಮತ್ತು ಅಕ್ಕನಿಗೆ ಅವರವರ ಮೂರನೆಯ ಒಂದು ಪಾಲು ಹಣದಲ್ಲಿ ಎಂದರೆ ಅವನು 2.33 ಕೋಟಿ ಕೊಡಬೇಕು. 8 ಕಂತು ಮಾಡಿದರೂ ವರ್ಷಕ್ಕೆ 29 ಲಕ್ಷ. ನಿಮ್ಮ ಪಾಲಿನ ಲಾಭ 18 ಲಕ್ಷ. ಇದು ನಡೆಯುವ ಮಾತಲ್ಲ. ಅವರಿಗೆ ಏನೂ ಕೊಡದೆ ಬರೆದರೆ ಜಗಳವನ್ನೂ ಅವನ ಹೆಸರಿಗೇ ಬರೆದಂತೆ.

ಹಾಗಾಗಿ ಸಂಸ್ಥೆಯ ಪಾಲು ಕಿರಿಯವನಿಗೆ, ಜಾಗ ಮೂವರಿಗೂ ಇರಲಿ. ಸಂಸ್ಥೆ ಜಾಗಕ್ಕೆ ಬಾಡಿಗೆ ಕೊಡಲಿ, ನಿಮ್ಮ ಪತ್ನಿ ಇರುವ ತನಕ ಅದರಲ್ಲಿ ಅವರಿಗೂ ಪಾಲಿರಲಿ. ಲೀಸ್ ಒಂದು ವರ್ಷಕ್ಕಿಂತ ಹೆಚ್ಚಿನದಾದರೆ ನೋಂದಣಿ ಕಡ್ಡಾಯ. ಪಾಲು ಮಾರುವವರು ಮೊದಲು ಒಡಹುಟ್ಟಿದವರಿಗೇ ಕೇಳಬೇಕೆಂಬ ಷರತ್ತೂ ಬೇಕು. ಬಾಡಿಗೆ ತಿಂಗಳಿಗೆ 1 ಲಕ್ಷವಾದರೆ ವರ್ಷಕ್ಕೆ 12 ಲಕ್ಷ. ಅದರ ಅರ್ಧ ತಮ್ಮನವರ ಲಾಭದಿಂದ ಹೋಗುತ್ತದೆ. ಇಷ್ಟು ವರ್ಷ ಬಾಡಿಗೆಯಿಲ್ಲದೆ ನಡೆದದ್ದು. ಇದನ್ನು ಅವರ ಎದುರೇ ಮಾತನಾಡಬೇಕು. ಜಾಗದ ಮೂಲಪತ್ರ ಸಿ.ಸಿ. ಸಾಲಕ್ಕೆ ಬ್ಯಾಂಕಿನಲ್ಲಿ ಅಡವಿದ್ದರೆ ಲೀಸಿಗೂ ದಾನಪತ್ರಕ್ಕೂ ಮೊದಲು ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆಯಿರಿ. ಬದುಕಿರುವಾಗಲೇ ದಾನಪತ್ರ ಮಾಡುವುದಾದರೆ ‘ನಮ್ಮನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಅದರಲ್ಲಿಯೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ ರಕ್ಷಣೆ ಕೇಳಲು ಅದು ಬೇಕಾಗುತ್ತದೆ.

ನಿಮ್ಮ ಜಾಗ ಸ್ವಯಾರ್ಜಿತ, ಆದ್ದರಿಂದ ಇಷ್ಟು ಸುಲಭ. ತಾಯಿಯ ಕಡೆಯಿಂದ ಹಕ್ಕು ಬರುವ ಅಳಿಯಸಂತಾನ ಕಟ್ಟಿನ ಕುಟುಂಬದ ಆಸ್ತಿಯಾಗಿದ್ದರೆ ನಿಮ್ಮ ಹಿತಾಸಕ್ತಿಯಷ್ಟನ್ನೇ ವೀಲುನಾಮೆಯಲ್ಲಿ ಬರೆಯಬಹುದಿತ್ತು. ಕವರು (ಅಂಥ ಕುಟುಂಬದ ಶಾಖೆ) ಎಂದರೇನೆಂದು ತಿಳಿಯದ ಸಲಹೆಗಾರರು ನಮ್ಮ ಜಿಲ್ಲೆಗೆ ಆಗಿಬರುವುದಿಲ್ಲ. ಇನ್ನು ನಾಮಿನಿ ಮಾಡಿದ ಮಾತ್ರಕ್ಕೆ ಆಸ್ತಿ ಅವನದಾಯಿತೆಂದು ನೆಮ್ಮದಿಯಾಗಿ ಇರಬೇಡಿ. ಸಾಮಾನ್ಯವಾಗಿ ನಾಮಿನಿ ಹಣವನ್ನು ಕೈಗೆ ತೆಗೆದುಕೊಳ್ಳುವವನು, ಒಡೆಯನಲ್ಲ; ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ಇದನ್ನೇ ಹೇಳಿದೆ.

ಕಾಗದಕ್ಕಿಂತ ಹೆಚ್ಚು ಸಮಯ ಹಿಡಿಯುವುದು ಕೆಲಸ ಒಪ್ಪಿಸುವುದಕ್ಕೆ. ಖರೀದಿ ಈಗಲೂ ನಿಮ್ಮ ಕೈಯಲ್ಲೇ ಇದೆ ಎಂದು ಬರೆದಿದ್ದೀರಿ. ಅಪಾಯವಿರುವುದು ಅಲ್ಲಿ. ಬರುವ ಹಂಗಾಮಿನಲ್ಲಿ ಮಗನೇ ಚೀಲಕ್ಕೆ ಕೈಹಾಕಿ ಮಾದರಿ ತೆಗೆಯಲಿ, ಬೀಜ ಕತ್ತರಿಸಿ ತಿರುಳು ನೋಡುವ ಕಟಿಂಗ್ ಟೆಸ್ಟ್ ಮಾಡಲಿ, ಹುಳುಕು, ಮುಗ್ಗು, ಜೊಳ್ಳು ಬೇರೆ ಮಾಡಿ ತೂಗಲಿ, ಬೆಲೆ ಹೇಳಲಿ. ನೀವು ಪಕ್ಕದಲ್ಲಿರಿ, ಬಾಯಿ ಹಾಕಬೇಡಿ. 80 ಕೆ.ಜಿ. ಚೀಲಕ್ಕೆ 48 ಪೌಂಡ್ ತಿರುಳು ಎಂದು ಕೊಂಡದ್ದು 46 ಬಂದರೆ 20 ಟನ್ನಿನಲ್ಲಿ ಸುಮಾರು 225 ಕೆ.ಜಿ. ತಿರುಳು ಹೋಯಿತು. ಅಂಥ ಒಂದು ತಪ್ಪು ನೀವಿರುವಾಗಲೇ ಆಗಲಿ. ಎರಡನೆಯ ವರ್ಷ ಬ್ಯಾಂಕು, ಮೂರನೆಯ ವರ್ಷ ಸಾಲದ ಮೇಲೆ ಮಾಲು ಕೊಡುವ ತೀರ್ಮಾನ.

ಸಲಹೆಗಾರರ ಸಂಭಾವನೆ ನಿಗದಿತ ಮೊತ್ತವಾಗಿರಲಿ, ಆಸ್ತಿಯ ಶೇಕಡಾವಾರು ಬೇಡ. ವಿಮೆ, ಫಂಡು ಮಾರಿ ಕಮಿಷನ್ ಪಡೆಯುವವರು ಬೇಡ. ಸಲಹೆಗಾರರ ಕಕ್ಷಿದಾರರು ನೀವೊಬ್ಬರೋ ಇಡೀ ಕುಟುಂಬವೋ ಎಂಬುದು ಒಪ್ಪಂದದ ಮೊದಲ ಸಾಲಿನಲ್ಲೇ ಇರಲಿ.

ಸಲಹೆಗಾರರನ್ನು ಹುಡುಕುವ ಮೊದಲು, ಈ ಭಾನುವಾರವೇ, ಕರಾರುಪತ್ರ ಹೊರತೆಗೆದು ತಮ್ಮನವರ ಜೊತೆ ಕೂತು ಓದಿ. ಮರಣದ ಬಗ್ಗೆ ಅದರಲ್ಲಿ ಏನಿದೆ ಎಂದು ಇಬ್ಬರೂ ನೋಡಿ, ಆಮೇಲೆ ಕಿರಿಯವನನ್ನು ಕರೆಯಿರಿ.

– ಸಂಪಾದಕ